ಅಕ್ಕನ ಸೊಂಟ, ನನ್ನ ಕಾಲು

ಎಲ್ಲರೂ ತಲೆ ಮುಂದಾಗಿ ಹುಟ್ಟಿದರೆ ನಾನು ಕಾಲು ಮುಂದಾಗಿ ಹುಟ್ಟಿದೆನಂತೆ. ಸೂಲಗಿತ್ತಿಗೆ ಕೈಕಾಲೇ ಆಡಲಿಲ್ಲವಂತೆ, ಅವ್ವ ಮೂರು ದಿನ ಸರಿಯಾಗಿ ಕಣ್ಣು ಬಿಡಲಿಲ್ಲವಂತೆ. ಇದರಲ್ಲಿ ನನ್ನ ಸಾಧನೆಯೇನೂ ಇಲ್ಲ. ಆದರೆ ನಮ್ಮ ಕಡೆ ಹಾಗೆ ಹುಟ್ಟಿದವರ ಕಾಲಿಗೆ ಒಂದು ಮರ್ಯಾದೆ ಇದೆ. ಸೊಂಟ ಹಿಡಿದುಕೊಂಡವರು, ಬೆನ್ನು ಉಳುಕಿದವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ಜಗುಲಿಯ ಮೇಲೆ ಬೋರಲು ಮಲಗುತ್ತಾರೆ. ಕಾಲು ಮುಂದಾಗಿ ಹುಟ್ಟಿದವನು ಅವರ ಬೆನ್ನನ್ನು ಮೇಲಿನಿಂದ ಕೆಳಕ್ಕೆ ಕಾಲಿನಿಂದ ಮೂರು ಸಲ ನೀವಿ, ಕೊನೆಗೆ ಸೊಂಟಕ್ಕೆ ಮೆಲ್ಲಗೆ ಒಂದು ಒದೆ ಕೊಡಬೇಕು. ಅಲ್ಲಿಗೆ ಉಳುಕು ಬಿಟ್ಟಿತು ಎಂದು ನಂಬಿಕೆ.

ನನಗೆ ಐದು ವರ್ಷವಾಗುವಷ್ಟರಲ್ಲಿ ಕುದೇರಿನ ನಮ್ಮ ಮನೆಯ ಜಗುಲಿಗೆ ಜನ ಬರತೊಡಗಿದ್ದರು. ದೊಡ್ಡ ದೊಡ್ಡ ಗಂಡಸರ ಬೆನ್ನ ಮೇಲೆ ನಾನು ಬೀಳದಂತೆ ಎರಡೂ ರಟ್ಟೆ ಹಿಡಿದು ನಡೆಸುತ್ತಿದ್ದವಳು ನನ್ನ ಅಕ್ಕ. ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ‘ಮೆತ್ತಗೆ ಕಣ್ಲಾ, ಅವರೇನು ಮಣ್ಣು ತುಳಿಯೋಕೆ ಕರೆದವ್ರಾ’ ಎಂದು ಗದರುತ್ತಿದ್ದಳು. ಕೆಲಸವಾದ ಮೇಲೆ ಹಿರಿಯರನ್ನು ತುಳಿದ ಪಾಪ ಕಳೆಯಲು ನಾನು ಅವರ ಕಾಲಿಗೆ ಬೀಳಬೇಕಿತ್ತು. ಬಿದ್ದು ಎದ್ದರೆ ಒಂದು ಅಚ್ಚು ಬೆಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಕನ ಬಾಯಿಗೆ ಹೋಗುತ್ತಿತ್ತು. ಕೇಳಿದರೆ ‘ಹಿಡ್ಕೊಂಡವಳು ನಾನಲ್ವಾ’ ಅನ್ನುತ್ತಿದ್ದಳು.

ಮುಂದೆ ನಾನು ಪಶು ಇಲಾಖೆಯಲ್ಲಿ ಪರಿವೀಕ್ಷಕನಾದೆ. ಗುಂಡ್ಲುಪೇಟೆಯಲ್ಲಿ ಮನೆ, ಬೇಗೂರಿನ ಸುತ್ತಮುತ್ತ ಕೆಲಸ. ಜನರ ಬಾಯಲ್ಲಿ ನಾನು ‘ದನದ ಡಾಕ್ಟ್ರು’. ನಿಜವಾದ ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗಿನವನು ಎಂದು ತಿದ್ದುವ ಗೋಜಿಗೆ ನಾನೂ ಹೋಗಲಿಲ್ಲ. ತರಬೇತಿಯಲ್ಲಿ ಮೂಳೆ, ನರ, ಬೆನ್ನುಹುರಿ ಎಂದೆಲ್ಲ ಓದಿದ ಮೇಲೆ ಜನರ ಬೆನ್ನಿಗೆ ಕಾಲಿಡುವುದನ್ನು ನಿಲ್ಲಿಸಿದೆ. ಯಾರಾದರೂ ಸೊಂಟ ಹಿಡಿದುಕೊಂಡು ಬಂದರೆ ಆಸ್ಪತ್ರೆಗೆ ಹೋಗಿ ಎಂದು ಗದರಿಸಿ ಕಳಿಸುತ್ತಿದ್ದೆ. ಕೆಲವರಿಗೆ ಬೇಸರವಾಯಿತು. ‘ಓದ್ಬುಟ್ಟು ಕಾಲಿಗೆ ಕೊಬ್ಬು ಬಂದದೆ’ ಅಂದವರೂ ಇದ್ದಾರೆ.

ನನ್ನ ಕೆಲಸದಲ್ಲಿ ಆಗಾಗ ಬರುವ ಒಂದು ಕೇಸಿನ ಬಗ್ಗೆ ಇಲ್ಲಿ ಹೇಳಲೇಬೇಕು. ಕಷ್ಟದಲ್ಲಿ ಕರು ಹಾಕಿದ ಹಸು ಕೆಲವೊಮ್ಮೆ ಏಳುವುದಿಲ್ಲ. ಹೆರುವಾಗ ಕರು ಸಿಕ್ಕಿಕೊಂಡು ಸೊಂಟದೊಳಗಿನ ನರಗಳು ಒತ್ತಿಹೋಗಿರುತ್ತವೆ. ಹೋದ ತಕ್ಷಣ ನಾನು ಮಾಡುವುದು ಎರಡೇ ಕೆಲಸ. ಬಾಲ ಎತ್ತಿ, ಬಿಟ್ಟರೆ ಸತ್ತ ಹಗ್ಗದ ಹಾಗೆ ಬೀಳುತ್ತದೋ ಬಿಗಿ ಇದೆಯೋ ನೋಡುತ್ತೇನೆ. ಬಾಲದ ಬುಡದಲ್ಲಿ ಸೂಜಿಯಿಂದ ಚುಚ್ಚಿ ಚರ್ಮ ಅದುರುತ್ತದೋ ಇಲ್ಲವೋ ನೋಡುತ್ತೇನೆ. ಆಮೇಲೆ ಮನೆಯವರನ್ನು ಕೇಳುತ್ತೇನೆ, ‘ಗಂಜಲ ಹುಯ್ತಾ?’ ಇದನ್ನು ಕೇಳುವುದಕ್ಕೆ ನನಗೆ ಯಾವ ಹೆಂಗಸಿನ ಎದುರೂ, ಯಾವ ಸ್ವಾಮಿಗಳ ಎದುರೂ ಸಂಕೋಚವಾಗಿದ್ದಿಲ್ಲ. ಗಂಜಲ ಹುಯ್ದಿದ್ದರೆ ಅರ್ಧ ಧೈರ್ಯ. ಇಲ್ಲವೆಂದರೆ ಆ ದಿನ ಬೇರೆ ಊರಿಗೆ ಹೋಗುವುದಿಲ್ಲ, ಅಲ್ಲೇ ಕೂರುತ್ತೇನೆ.

ಅಕ್ಕನನ್ನು ಹಂಗಳಕ್ಕೆ ಕೊಟ್ಟಿದ್ದಾರೆ. ಭಾವನಿಗೆ ಸ್ವಂತ ಜಮೀನು, ಬೋರ್‌ವೆಲ್ ನೀರು. ಮಗಳು ಮದುವೆಯಾಗಿ ನಂಜನಗೂಡಿನಲ್ಲಿದ್ದಾಳೆ. ಮೂರು ವರ್ಷದ ಹಿಂದೆ ಆ ಹೊಲದಲ್ಲಿ ಚೆಂಡು ಹೂವು ಹಾಕಿದ್ದರು. ಅಕ್ಕ ಮನೆಯಲ್ಲಿ ಕೂರುವವಳಲ್ಲ. ಕೂಲಿಯವರ ಜೊತೆ ತಾನೂ ಹೂವು ಬಿಡಿಸಿ ಚೀಲಕ್ಕೆ ತುರುಕುತ್ತಿದ್ದಳು. ಒಂದು ಬೆಳಿಗ್ಗೆ ಇಬ್ಬನಿ ಕುಡಿದ ಹೂವಿನ ಚೀಲವನ್ನು ಗೂಡ್ಸ್ ಆಟೋಗೆ ಎತ್ತಿಕೊಡಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ನೋವು ಸೊಂಟದಿಂದ ಬಲತೊಡೆಯ ಹಿಂದುಗಡೆ ಇಳಿದು ಹೆಬ್ಬೆರಳಿನವರೆಗೂ ಹೋಯಿತಂತೆ.

ಫೋನಿನಲ್ಲಿ ಕೇಳಿದ ತಕ್ಷಣ ನನಗೆ ಅರ್ಥವಾಗಿತ್ತು. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅದನ್ನು ಡಿಸ್ಕ್ ಅನ್ನುತ್ತಾರೆ, ಹೊರಗೆ ಉಬ್ಬಿ ನರವನ್ನು ಒತ್ತುತ್ತಿದೆ. ‘ಸ್ಕ್ಯಾನಿಂಗ್ ಮಾಡಿಸನ, ಬಾ’ ಎಂದೆ. ‘ಹೂವು ಬಿಡಿಸೋದು ಮುಗೀಲಿ’ ಅಂದಳು. ಮಾತ್ರೆ ತಂದುಕೊಟ್ಟೆ. ನೋವೆಣ್ಣೆ ತಿಕ್ಕಿದರು, ಬಿಸಿ ಮರಳಿನ ಶಾಖ ಕೊಟ್ಟರು. ಎರಡು ವಾರ ಹೀಗೇ ಕಳೆಯಿತು.

ಆ ಭಾನುವಾರ ನಾನು ಹಂಗಳಕ್ಕೆ ಹೋದಾಗ ಅಕ್ಕ ಜಗುಲಿಯ ಮೇಲೆ ಚಾಪೆ ಹಾಸಿಕೊಂಡು ನನಗಾಗಿಯೇ ಕಾದಿದ್ದಳು. ಬೆಳಗಿನಿಂದ ಒಂದು ಲೋಟ ಕಾಫಿಯನ್ನೂ ಕುಡಿದಿರಲಿಲ್ಲ. ಬರಿಹೊಟ್ಟೆ ಎಂದರೆ ಏನೆಂದು ನನಗೆ ಗೊತ್ತಿತ್ತು.

‘ಬ್ಯಾಡ ಕಣಕ್ಕ, ಅದೆಲ್ಲ ಬುಟ್ಬುಟ್ಟಿವ್ನಿ’ ಎಂದೆ.

‘ಊರೋರಿಗೆಲ್ಲ ಇಟ್ಟವ್ನು. ನಿನ್ನ ರಟ್ಟೆ ಹಿಡಿದವಳಿಗೆ ಒಂದು ಸಲ ಇಡೋಕೆ ಆಗಲ್ವಾ?’

ಭಾವ ಬಾಗಿಲಲ್ಲಿ ನಿಂತು ‘ಅವಳ ಸಮಾಧಾನಕ್ಕೆ ಮಾಡಪ್ಪ, ನಾಳೆ ಆಸ್ಪತ್ರೆಗೆ ಕರ್ಕೊಂಡೋಗನ’ ಅಂದರು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ನನ್ನ ಪಾಡು ಹಾಗಾಯಿತು. ಚಪ್ಪಲಿ ಬಿಟ್ಟು, ಕಾಲು ತೊಳೆದು ಬಂದೆ. ಒಂದು ಸಲ, ಎರಡು ಸಲ ಬರಿದೇ ನೀವಿದೆ. ‘ಇರುವೆ ಹರಿದಂಗಾಯ್ತದೆ, ಭಾರ ಬುಡು’ ಎಂದಳು. ಮೂರನೆಯ ಸಲ ಭಾರ ಬಿಟ್ಟೆ. ಎಷ್ಟು ಬಿಟ್ಟೆ ಎಂದು ನನ್ನನ್ನು ಕೇಳಬೇಡಿ, ನೂರು ಸಲ ನಾನೇ ಕೇಳಿಕೊಂಡಿದ್ದೇನೆ. ಏನೂ ಶಬ್ದವಾಗಲಿಲ್ಲ, ಅಕ್ಕ ಕೂಗಲೂ ಇಲ್ಲ. ಎದ್ದು ಕುಳಿತು ‘ವಸಿ ಹಗುರಾಯ್ತು’ ಅಂದಳು. ನಾನು ಅವಳ ಕಾಲಿಗೆ ಬಿದ್ದೆ. ಇಬ್ಬರಿಗೂ ನಗು ಬಂತು. ಆಮೇಲೆ ಉಪ್ಪಿಟ್ಟು ತಿಂದೆವು.

ಸಂಜೆ ಭಾವನ ಫೋನು ಬಂತು. ಎರಡೂ ಕಾಲು ಜುಮುಜುಮು ಅನ್ನುತ್ತಿವೆ ಎಂದರು. ನೋವು ಇಷ್ಟು ದಿನ ಒಂದೇ ಕಾಲಿನಲ್ಲಿತ್ತು. ಎರಡೂ ಕಾಲು ಎಂದ ಕೂಡಲೇ ನಾನು ಎಚ್ಚರಗೊಳ್ಳಬೇಕಿತ್ತು. ಎಚ್ಚರಗೊಂಡೆ ಕೂಡ, ಆದರೆ ಆ ಎಚ್ಚರವನ್ನು ಅರ್ಧಕ್ಕೇ ಬಿಟ್ಟೆ. ಬೆಳಿಗ್ಗೆ ಹೇಗೂ ಹೋಗುತ್ತೇವಲ್ಲ ಎಂದುಕೊಂಡೆ.

ಸೋಮವಾರ ಪರಿಚಯದವರ ಕಾರಿನಲ್ಲಿ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಒರಗಿಸಿಕೊಂಡು ಚಾಮರಾಜನಗರಕ್ಕೆ ಹೊರಟೆ. ಭಾವ ಹಸು ಕರೆದು, ಕೂಲಿಯವರಿಗೆ ಹೇಳಿ ಹಿಂದಿನಿಂದ ಬಸ್ಸಿಗೆ ಬರುತ್ತೇನೆಂದು ಉಳಿದರು. ತೆರಕಣಾಂಬಿ ದಾಟುವ ಮುಂಚೆ ಅಕ್ಕ ಒಮ್ಮೆ, ಯಾವುದಾದರೂ ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲಿಸು ಅಂದಳು. ನಿಲ್ಲಿಸಿದೆವು. ಬಹಳ ಹೊತ್ತು ಒಳಗಿದ್ದು ಬಂದಳು. ‘ಆಯ್ತಾ?’ ಎಂದು ನಾನು ಕೇಳಲಿಲ್ಲ. ಒಡಹುಟ್ಟಿದ ಅಕ್ಕನನ್ನು ಯಾವ ತಮ್ಮ ಹಾಗೆ ಕೇಳುತ್ತಾನೆ?

ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಬಹಳ ಶ್ರದ್ಧೆಯಿಂದ ನೋಡಿದರು. ಮಲಗಿಸಿ, ಮಂಡಿ ಮಡಿಸದೆ ಒಂದೊಂದೇ ಕಾಲನ್ನು ಮೇಲಕ್ಕೆತ್ತಿದರು. ಬಲಗಾಲು ಮಂಚದಿಂದ ಒಂದು ಗೇಣು ಏಳುವಷ್ಟರಲ್ಲಿ ಅಕ್ಕ ಹಲ್ಲು ಕಚ್ಚಿದಳು. ರಬ್ಬರ್ ಸುತ್ತಿಗೆಯಿಂದ ಮಂಡಿಗೆ, ಹಿಮ್ಮಡಿಯ ಮೇಲಿನ ನರಕ್ಕೆ ತಟ್ಟಿದರು. ಕಾಲಿನ ಹೆಬ್ಬೆರಳನ್ನು ತಾವು ಒತ್ತಿ ಹಿಡಿದು ‘ಮೇಲಕ್ಕೆ ಎಳೀರಿ ಅಮ್ಮ’ ಎಂದರು. ಹಿಮ್ಮಡಿಯ ಮೇಲೆ ನಡೆಸಿ ನೋಡಿದರು. ಆ ಕೆಲಸದ ಚೆಂದವನ್ನು ನೋಡುತ್ತಾ ನಾನು ನಿಂತಿದ್ದೆ, ಒಳ್ಳೆಯ ಕಸುಬುದಾರನನ್ನು ನೋಡಿದರೆ ನನಗೆ ಖುಷಿಯಾಗುತ್ತದೆ.

ಆಮೇಲೆ ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೇಳಿದರು. ‘ಅಮ್ಮ, ಕೂತ್ಕೊಳ್ಳೋ ಜಾಗದಲ್ಲಿ, ತೊಡೆಯ ಒಳಭಾಗದಲ್ಲಿ ಮರಗಟ್ಟಿದ ಹಾಗೆ ಇದೆಯಾ? ಮೂತ್ರಕ್ಕೆ ಹೋಗೋದು ಸರಿಯಾಗಿದೆಯಾ? ಹೋದದ್ದು ಗೊತ್ತಾಗುತ್ತಾ?’

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡುತ್ತಾ ‘ಇಲ್ಲ ಸಾ, ಅಂಗೇನಿಲ್ಲ’ ಅಂದಳು.

ಡಾಕ್ಟರು ಅದನ್ನೇ ಇನ್ನೊಂದು ರೀತಿಯಲ್ಲಿ ಕೇಳಿದರು. ಇದು ತುಂಬಾ ಮುಖ್ಯ, ಅದಕ್ಕೇ ಮತ್ತೆ ಕೇಳುತ್ತಿದ್ದೇನೆ ಎಂದರು. ಅಕ್ಕ ಮತ್ತೊಮ್ಮೆ ನನ್ನ ಕಡೆ ನೋಡಿದಳು. ಅವಳು ಹೆದರಿದ್ದಾಳೆ, ನನ್ನನ್ನು ಬಿಟ್ಟು ಹೋಗಬೇಡ ಅನ್ನುತ್ತಿದ್ದಾಳೆ ಎಂದು ನಾನು ತಿಳಿದೆ. ‘ಇಲ್ಲ ಸಾ’ ಎಂದು ತಲೆಯಾಡಿಸಿದಳು. ಆ ಜಾಗವನ್ನು ಒಂದು ಸಲ ಪರೀಕ್ಷೆ ಮಾಡಬೇಕು, ನರ್ಸ್ ಜೊತೆಗೇ ಇರುತ್ತಾರೆ ಎಂದು ಡಾಕ್ಟರು ಹೇಳಿದರು. ನನ್ನ ಕಡೆ ತಿರುಗಿ, ‘ನೀವು ಸ್ವಲ್ಪ ಹೊರಗಿರ್ತೀರಾ?’ ಎಂದರು.

ನಾನು ಏನು ಹೇಳಿದೆ ಗೊತ್ತೆ? ‘ಪರವಾಗಿಲ್ಲ ಸಾರ್, ನಾನೂ ಇದೇ ಲೈನು, ವೆಟರ್ನರಿ’ ಎಂದೆ. ಹೇಳುವಾಗ ಸ್ವಲ್ಪ ಎದೆಯನ್ನೂ ಉಬ್ಬಿಸಿರಬೇಕು. ಗೋಡೆಯ ಕಡೆ ಮುಖ ಮಾಡಿ ನಿಂತೆ. ಅಷ್ಟು ಮಾಡಿದರೆ ಅಕ್ಕನ ಮಾನಕ್ಕೆ ಸಾಕು ಎಂದುಕೊಂಡೆ.

ಬೆನ್ನ ಹಿಂದೆ ಅವಳ ದನಿ ಕೇಳಿಸಿತು. ‘ಬ್ಯಾಡ ಸಾ. ಅಲ್ಲೇನೂ ಆಗಿಲ್ಲ. ಸೊಂಟಕ್ಕೆ ಮಾತ್ರ ಏನಾರ ಕೊಡಿ.’

ಬೇಡವೆಂದವರನ್ನು ಯಾವ ಡಾಕ್ಟರೂ ಬಲವಂತ ಮಾಡುವಂತಿಲ್ಲ. ತಾವು ಕೇಳಿದ್ದನ್ನೂ ಅವಳು ಹೇಳಿದ್ದನ್ನೂ ಅವರು ಚೀಟಿಯಲ್ಲಿ ಬರೆದರು. ಬುಧವಾರಕ್ಕೆ ಎಂಆರ್‌ಐ ಬರೆದುಕೊಟ್ಟರು. ಎದ್ದು ಹೊರಡುವಾಗ ಇಬ್ಬರನ್ನೂ ನಿಲ್ಲಿಸಿ, ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಒಂದು ಗಂಟೆಯೂ ಕಾಯಬೇಡಿ, ನೇರ ಬಂದುಬಿಡಿ ಎಂದರು. ‘ಗೊತ್ತು ಸಾರ್’ ಎಂದೆ ನಾನು.

ಭಾವ ಬಸ್ಸಿಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಂಗಳಕ್ಕೆ ಹೋಗಿ ಬರುವ ಕುಲುಕಾಟ ಬೇಡವೆಂದು ಅಕ್ಕನನ್ನು ಗುಂಡ್ಲುಪೇಟೆಯ ನಮ್ಮ ಮನೆಯಲ್ಲೇ ಉಳಿಸಿಕೊಂಡೆ. ಮಂಗಳವಾರ ನಾನು ಕೆಲಸಕ್ಕೆ ಹೋದೆ. ನನ್ನ ಹೆಂಡತಿ ಅಂಗನವಾಡಿಗೆ ಹೋದಳು. ಸಂಜೆ ಬಂದಾಗ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಊಟ ಮಾಡಲಿಲ್ಲ, ನೀರಿನ ಚೊಂಬು ತುಂಬಿದ ಹಾಗೇ ಇತ್ತು. ‘ನೋವು ಎಂಗದೆ?’ ಎಂದು ಕೇಳಿದೆ. ‘ನೋವು ಕಮ್ಮಿಯಾಯ್ತು’ ಅಂದಳು. ನಾನು ಸಂತೋಷಪಟ್ಟೆ. ಮಾತ್ರೆ ಹಿಡಿದಿದೆ ಎಂದು ಭಾವನಿಗೆ ಫೋನು ಮಾಡಿ ಹೇಳಿದೆ.

ಬುಧವಾರ ಬೆಳಿಗ್ಗೆ ನಾನು ಶೇವ್ ಮಾಡಿಕೊಳ್ಳುತ್ತಿದ್ದೆ. ಹೆಂಡತಿ ಬಂದು ಹಿಂದೆ ನಿಂತಳು. ಅವಳ ಮುಖವನ್ನು ಕನ್ನಡಿಯಲ್ಲಿ ನೋಡಿದೆ.

‘ಅಕ್ಕ ಸೋಮವಾರ ಬೆಳಿಗ್ಗೆಯಿಂದ ಒಂದಕ್ಕೆ ಓಗಿಲ್ಲ ಕಣ್ರೀ’ ಅಂದಳು. ‘ಕಿಬ್ಬೊಟ್ಟೆ ಕಲ್ಲಿದ್ದಂಗದೆ. ಸೀರೆ ಮಾತ್ರ ಒದ್ದೆ. ತೊಟ್ಟಿಕ್ಕುತಾ ಇರೋದು ಅವರಿಗೆ ಗೊತ್ತೇ ಆಯ್ತಾ ಇಲ್ಲ. ಒರಸಿದರೆ, ಕೈ ಇಟ್ಟಿದ್ದೀಯಾ ಅಂತ ಕೇಳ್ತಾವ್ರೆ.’

ಅರ್ಧ ಕೆನ್ನೆಯ ನೊರೆಯನ್ನು ಟವೆಲಿನಲ್ಲಿ ಒರಸಿಕೊಂಡು ಹೊರಗೆ ಓಡಿದೆ. ಹಸುವಾಗಿದ್ದರೆ ನನಗೆ ಸೋಮವಾರವೇ ಗೊತ್ತಾಗಿರುತ್ತಿತ್ತು. ಕಾರು ಬರುವವರೆಗೆ ಬೀದಿಯಲ್ಲಿ ನಿಂತು ನಾನು ಈ ಒಂದು ಮಾತನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ನೋವು ಕಡಿಮೆಯಾದದ್ದು ಮಾತ್ರೆಯಿಂದಲ್ಲ, ನರ ಸೋತದ್ದರಿಂದ.

ಚಾಮರಾಜನಗರದಲ್ಲಿ ಮೊದಲು ಮೂತ್ರಕ್ಕೆ ಪೈಪು ಹಾಕಿದರು. ಚೀಲ ತುಂಬಿತು, ಖಾಲಿ ಮಾಡಿ ತಂದು ಮತ್ತೆ ಹಾಕಿದರು. ಅದೇ ಡಾಕ್ಟರು ಓಡಾಡಿ ಬೇಗ ಸ್ಕ್ಯಾನ್ ಮಾಡಿಸಿದರು. ಚಿತ್ರವನ್ನು ಬೆಳಕಿಗೆ ಹಿಡಿದು ನನಗೂ, ಹಂಗಳದಿಂದ ಓಡಿಬಂದಿದ್ದ ಭಾವನಿಗೂ ತೋರಿಸಿದರು. ಬೆನ್ನುಹುರಿ ಸೊಂಟದ ಹತ್ತಿರ ಮುಗಿದು, ಅಲ್ಲಿಂದ ಕೆಳಕ್ಕೆ ನರಗಳು ಕುದುರೆಯ ಬಾಲದ ಹಾಗೆ ಒಂದು ಕಟ್ಟಾಗಿ ಇಳಿಯುತ್ತವೆ. ಕಾಲಿಗೆ ಹೋಗುವುದು, ಮೂತ್ರದ ಚೀಲಕ್ಕೆ ಹೋಗುವುದು, ಮಲದ ದಾರಿಗೆ ಹೋಗುವುದು ಎಲ್ಲವೂ ಅದರಲ್ಲೇ. ಕಳಚಿಬಿದ್ದ ಡಿಸ್ಕಿನ ತುಂಡೊಂದು ಆ ಇಡೀ ಕಟ್ಟನ್ನು ಗೋಡೆಗೆ ಒತ್ತಿ ಹಿಡಿದಿತ್ತು. ಕೂಡಲೇ ಮೈಸೂರಿಗೆ ಕರೆದೊಯ್ಯಬೇಕು, ತುಂಡನ್ನು ತೆಗೆಯಬೇಕು ಎಂದರು. ಸೋಮವಾರದ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಅಂದು ಸಂಜೆಯೇ ಮೈಸೂರಿನಲ್ಲಿ ಆಪರೇಷನ್ ಆಯಿತು. ಹೊರಗೆ ಬಂದ ಸರ್ಜನ್ ಹಿರಿಯರು, ಮಾತು ಕಡಿಮೆ. ‘ಒತ್ತಡ ತೆಗೆದಿದ್ದೀವಿ. ಕಾಲು ಬರುತ್ತೆ. ಮೂತ್ರದ್ದು ನಾನು ಮಾತು ಕೊಡಲಾರೆ’ ಎಂದರು. ಭಾವ ಆಚೆ ಹೋದ ಮೇಲೆ ನಾನು ಅವರ ಹಿಂದೆಯೇ ಹೋಗಿ, ಭಾನುವಾರ ಕಾಲಿಟ್ಟದ್ದನ್ನು ಹೇಳಿದೆ. ನನ್ನಿಂದಲೇ ಆಯಿತೇ ಎಂದು ಕೇಳಿದೆ.

ಅವರು ಒಂದು ಕ್ಷಣ ನನ್ನ ಕಾಲನ್ನೇ ನೋಡಿದರು. ‘ತುಳಿಯಬಾರದಿತ್ತು. ಅದರಿಂದಲೇ ಅಂತ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ. ಡಿಸ್ಕ್ ಮೊದಲೇ ಹೊರಗೆ ಬಂದಿತ್ತು, ಒಂದು ಸಲ ಕೆಮ್ಮಿದ್ದರೂ ತುಂಡಾಗಬಹುದಿತ್ತು. ನನಗೆ ಬೇಜಾರಾಗೋದು ಬೇರೆ ವಿಷಯಕ್ಕೆ. ಮರಗಟ್ಟಿದ್ದು ಯಾವಾಗಿನಿಂದ ಅಂತ ಇವತ್ತು ಕೇಳಿದರೆ ಸೋಮವಾರ ಎದ್ದಾಗಿನಿಂದ ಅಂತಾರೆ. ಸೋಮವಾರದ ಚೀಟಿಯಲ್ಲಿ ಏನೂ ಇಲ್ಲ ಅಂತ ಬರೆದಿದೆ. ಅವತ್ತೇ ಹೇಳಿದ್ದರೆ ಎರಡು ದಿನ ಉಳೀತಿತ್ತು. ಇದರಲ್ಲಿ ಎರಡು ದಿನ ಅಂದರೆ ಬಹಳ. ಯಾಕೆ ಹೇಳಲಿಲ್ಲ?’

ಗೊತ್ತಿಲ್ಲ ಸಾರ್ ಎಂದೆ.

ಸರ್ಜನ್ ಹೇಳಿದ ಹಾಗೆಯೇ ಆಯಿತು. ಕಾಲು ಬಂತು. ಮೊದಲು ಗೋಡೆ ಹಿಡಿದು, ಆಮೇಲೆ ವಾಕರ್ ಹಿಡಿದು, ಆರು ತಿಂಗಳಿಗೆ ಕೋಲು ಹಿಡಿದು ಅಕ್ಕ ನಡೆದಳು. ಬಲಪಾದ ಮಾತ್ರ ಸ್ವಲ್ಪ ಜೋತುಬೀಳುತ್ತದೆ, ಅದಕ್ಕೊಂದು ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಳ್ಳುತ್ತಾಳೆ. ಆದರೆ ಮೂತ್ರದ ಚೀಲ ತುಂಬಿದ್ದು ಅವಳಿಗೆ ಇವತ್ತಿಗೂ ಗೊತ್ತಾಗುವುದಿಲ್ಲ. ನಾಲ್ಕು ಗಂಟೆಗೊಮ್ಮೆ ತಾನೇ ಸಣ್ಣ ಪೈಪು ಹಾಕಿಕೊಂಡು ತೆಗೆಯಬೇಕು. ಆಸ್ಪತ್ರೆಯಲ್ಲಿ ನರ್ಸ್ ಕನ್ನಡಿ ಹಿಡಿದು ಕಲಿಸಿಕೊಟ್ಟರಂತೆ. ಐವತ್ತು ದಾಟಿದವಳು ತನ್ನ ಮೈಯನ್ನು ಮೊದಲ ಬಾರಿಗೆ ಕನ್ನಡಿಯಲ್ಲಿ ನೋಡಿ ಅತ್ತಳೆಂದು ನನ್ನ ಹೆಂಡತಿ ಹೇಳಿದಳು.

ವಾರಕ್ಕೆರಡು ಸಲ ಚಾಮರಾಜನಗರಕ್ಕೆ ಫಿಸಿಯೋಥೆರಪಿಗೆ ಕರೆದೊಯ್ಯುತ್ತಿದ್ದೆ. ಫಿಸಿಯೋ ಹೆಣ್ಣುಮಗಳು ಅಕ್ಕನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕಾಲನ್ನು ಅಲ್ಲಲ್ಲಿ ಸವರಿ, ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ ಎನ್ನುತ್ತಿದ್ದಳು. ಒಂದು ದಿನ ಮಂಡಿಯ ಕೆಳಗೆ, ಕಾಲಿನ ಮುಂಭಾಗದಲ್ಲಿ ಅಕ್ಕ ಸರಿಯಾಗಿ ಹೂಂ ಅಂದಳು. ಹಿಮ್ಮಡಿಯ ಹತ್ತಿರ ಸವರಿದಾಗ ಸುಮ್ಮನಿದ್ದಳು. ಆಮೇಲೆ ಹತ್ತಿ ಗಾಳಿಯಲ್ಲಿದ್ದಾಗ, ಯಾವುದನ್ನೂ ಮುಟ್ಟದೆ ಇದ್ದಾಗ, ಹೂಂ ಅಂದುಬಿಟ್ಟಳು. ಹೋದ ವಾರಕ್ಕಿಂತ ಒಂದು ಹೂಂ ಆದರೂ ಹೆಚ್ಚಿಗೆ ಅನ್ನಬೇಕೆಂದು ಅವಳಿಗೆ ಆಸೆ. ಆ ಹುಡುಗಿ ನನ್ನ ಕಡೆ ಒಮ್ಮೆ ನೋಡಿ ಬರೆದುಕೊಂಡಳು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಕಣ್ಣು ಒರಸಿಕೊಳ್ಳಬೇಕಿತ್ತು ಅಷ್ಟೆ.

ಮುಂದಿನ ಬೇಸಿಗೆಯಲ್ಲಿ ಅವಳು ಬೋರ್‌ವೆಲ್ ಪಕ್ಕದ ಚಪ್ಪಡಿಯ ಮೇಲೆ ಮಧ್ಯಾಹ್ನದ ಹೊತ್ತು ಸ್ವಲ್ಪ ಸುಧಾರಿಸಿಕೊಳ್ಳಲು ಕುಳಿತಳಂತೆ. ಕಲ್ಲು ಕಾದ ಹೆಂಚಾಗಿತ್ತು. ಸಂಜೆ ಸೀರೆ ಮೈಗೆ ಅಂಟಿಕೊಂಡಾಗಲೇ ಬೊಬ್ಬೆ ಎದ್ದದ್ದು ತಿಳಿದದ್ದು. ಆ ಗಾಯ ಮಾಯಲು ಎರಡು ತಿಂಗಳಾಯಿತು. ಮನೆಯಲ್ಲಿ ಒಂದು ಲೋಟವನ್ನೂ ತೊಳೆದಿರದ ಭಾವ ಈಗ ಅವಳ ಪೈಪುಗಳನ್ನು ಸೋಪಿನಲ್ಲಿ ತೊಳೆದು ಒಣಗಿಸುತ್ತಾರೆ. ರಾತ್ರಿ ಮಲಗುವ ಮುಂಚೆ ಎಲ್ಲಾದರೂ ಚರ್ಮ ಕೆಂಪಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡುತ್ತಾರೆ. ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಿಲ್ಲ. ಅಕ್ಕ ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ಮಗಳ ಮನೆಗೂ ಹೋಗಿ ಒಂದು ರಾತ್ರಿ ಉಳಿಯುವುದಿಲ್ಲ. ವಾಸನೆ ಬರುತ್ತದೇನೋ ಎಂಬ ಹೆದರಿಕೆ. ಬರುವುದಿಲ್ಲ ಎಂದು ನಾವು ಎಷ್ಟು ಹೇಳಿದರೂ ನಂಬುವುದಿಲ್ಲ.

ಊರ ಬಾಯಿಗೆ ಮುಚ್ಚಳವಿಲ್ಲ. ಹಂಗಳದಲ್ಲೂ ಕುದೇರಿನಲ್ಲೂ ಒಂದೇ ಮಾತು: ತಮ್ಮನೇ ತುಳಿದು ಅಕ್ಕನ ಸೊಂಟ ಮುರಿದ. ಒಮ್ಮೆ ಅಂಗಡಿಯ ಮುಂದೆ ಯಾರೋ ಹಾಗೆ ಅಂದದ್ದು ಕೇಳಿ ಅಕ್ಕ ಕೋಲೂರಿಕೊಂಡು ಬೀದಿಗೇ ಬಂದಳು. ‘ಚೀಲ ಎತ್ತಿದ್ದು ನಾನು, ತುಳಿ ಅಂದದ್ದೂ ನಾನು. ಅವನ ಸುದ್ದಿ ಎತ್ತಿದ್ರೆ ಸರ್ಯಾಗಿರಲ್ಲ’ ಎಂದು ಅವರ ಜನ್ಮ ಜಾಲಾಡಿಬಿಟ್ಟಳಂತೆ.

ನಿಜ ಹೇಳಬೇಕೆಂದರೆ ಊರವರ ಆ ಮಾತು ನನಗೆ ಅನುಕೂಲವಾಗಿಯೇ ಇತ್ತು. ಕಾಲಿಟ್ಟ ತಪ್ಪಿಗೆ ನಾನು ತಲೆ ತಗ್ಗಿಸಿ ನಿಂತರೆ ಜನ ಅಯ್ಯೋ ಪಾಪ ಅನ್ನುತ್ತಿದ್ದರು, ಅಕ್ಕನೇ ಕಾಯುತ್ತಿದ್ದಳು, ಮೈಸೂರಿನ ಸರ್ಜನ್ ಕೂಡ ಅರ್ಧ ಬಿಡುಗಡೆ ಮಾಡಿದ್ದರು. ಬಿಡುಗಡೆ ಇಲ್ಲದ ತಪ್ಪು ಇನ್ನೊಂದು. ಸೋಮವಾರ ಆ ಕೋಣೆಯಲ್ಲಿ ನಾನು ನಿಂತಿದ್ದೆ ಎಂಬುದು ಅಕ್ಕನಿಗೆ, ನನಗೆ ಮತ್ತು ಆ ಚಿಕ್ಕ ವಯಸ್ಸಿನ ಡಾಕ್ಟರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಎಷ್ಟೋ ರೈತರಿಗೆ ಹೇಳಿದ್ದೇನೆ. ಅದು ಎಂಥ ಪೊಳ್ಳು ಮಾತು ಎಂದು ಈಗ ತಿಳಿದಿದೆ.

ಕಳೆದ ತಿಂಗಳು ಹಂಗಳದಲ್ಲಿ ಒಂದು ಹಸು ನೋಡಲು ಹೋದವನು ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಭಾವ ಹೊಲದಲ್ಲಿದ್ದರು. ಅಕ್ಕ ದಿಂಬಿನ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಎದುರಿಗೆ ಕುಳಿತು ಒಂದು ಹಿಡಿ ತೆಗೆದುಕೊಂಡೆ. ಹಸು ಎದ್ದಿತಾ ಎಂದು ಕೇಳಿದಳು. ಎದ್ದಿತು ಎಂದೆ. ಆಮೇಲೆ, ಮೂರು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದು ತಾನಾಗಿಯೇ ಬಾಯಿಗೆ ಬಂತು.

‘ಅಕ್ಕ, ಅವತ್ತು ಚಾಮರಾಜನಗರದಲ್ಲಿ ಡಾಕ್ಟ್ರು ಕೇಳ್ದಾಗ ಯಾಕೆ ಇಲ್ಲ ಅಂದ್ಬುಟ್ಟೆ?’

ಅವಳ ಕೈ ನಿಲ್ಲಲಿಲ್ಲ. ಯಾವತ್ತು ಎಂದು ಕೇಳಲೂ ಇಲ್ಲ.

‘ನೀನು ಮಗ್ಗುಲಲ್ಲೇ ನಿಂತಿದ್ದಲ್ಲಪ್ಪ. ಎಂಗೆ ಏಳ್ಲಿ?’

‘ನೀನು ನನ್ನ ಮಕ ನೋಡ್ದೆ. ಎದ್ರುಕೊಂಡಿದ್ದೀಯ, ಇರು ಅಂತಿದ್ದೀಯ ಅಂದ್ಕಂಡೆ ಕಣಕ್ಕ.’

‘ಎದ್ರುಕೆ ಇತ್ತು. ಇಲ್ಲ ಅಂತ ಯಾಕನ್ಲಿ. ಆದ್ರೆ ಮಕ ನೋಡಿದ್ದು ಅದಕ್ಕಲ್ಲ.’ ಕಾಯೊಂದರಿಂದ ಹುಳು ಬಿದ್ದ ಕಾಳನ್ನು ಆರಿಸಿ ಪಕ್ಕಕ್ಕೆ ಹಾಕಿದಳು. ‘ಎರಡು ಸಲ ನೋಡ್ದೆ. ಈಗ ಆಚ್ಗೆ ಓಯ್ತನೆ, ಈಗ ಓಯ್ತನೆ ಅಂತ. ನೀನು ಗೋಡೆ ಕಡೆ ತಿರುಕ್ಕೊಂಡೆ. ಆಚ್ಗೆ ಓಗ್ಬೇಕಿತ್ತು ಕಣಪ್ಪ ನೀನು.’

ಕೋಪವಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ದನಿಯಲ್ಲಿ ಕೋಪವೇ ಇರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿತ್ತು ಎಂದು ಹೇಳುವ ಹಾಗೆ ಹೇಳಿದಳು. ನಾನು ಸುಲಿದ ಸಿಪ್ಪೆಯನ್ನೇ ಮತ್ತೆ ಸುಲಿಯುತ್ತಾ ಕುಳಿತಿದ್ದೆ.

ಗೋಡೆಯ ಗಡಿಯಾರ ನೋಡಿ ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಕೋಲಿಗೆ ಕೈ ಚಾಚಿ, ಗೂಡಿನಲ್ಲಿದ್ದ ಪೈಪಿನ ಡಬ್ಬಿ ತೆಗೆದುಕೊಂಡಳು. ನಾನು ಏಳಲು ಹೋದೆ.

‘ಕುಂತ್ಕೊ, ಪಡಸಾಲೇಲೇ ಇರು, ನಾನು ಆ ಮೂಲೆಗೆ ಓಯ್ತೀನಿ’ ಅಂದಳು. ‘ಇನ್ನೇನ್ ನಾಚ್ಕೆ. ಆಸ್ಪತ್ರೇಲಿ ಲೋಕವೇ ನೋಡ್ಬುಡ್ತು. ನಿಂಗೆ ಬಿಸ್ಲು ತಾಗ್ತದೆ.’

ನಾನು ಕೂರಲಿಲ್ಲ. ಎದ್ದು ಆಚೆಗೆ ಬಂದು, ಬಾಗಿಲು ಎಳೆದುಕೊಂಡು, ಅವಳು ಕರೆಯುವವರೆಗೂ ಬಿಸಿಲಿನಲ್ಲೇ ನಿಂತೆ.